ಹೈಸ್ಕೂಲ್ ಹುಡುಗನಲ್ಲಿ ಕಾಲೇಜ್ ಫುಟ್‌ಬಾಲ್ ಆಟಗಾರನನ್ನು ಗುರುತಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಶುಕ್ರವಾರ ಸಂಜೆ ಅಮೆರಿಕದ ಯಾವ ಹೈಸ್ಕೂಲ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್) ಮೈದಾನಕ್ಕೆ ಹೋದರೂ ಗ್ಯಾಲರಿಯ ಕಣ್ಣುಗಳೆಲ್ಲ ಚೆಂಡಿನ ಬೆನ್ನು ಹತ್ತಿರುತ್ತವೆ. ಹುಡುಗರನ್ನು ಅಳೆಯಲು ಬಂದ ಕಾಲೇಜಿನ ಕೋಚ್ ಮಾತ್ರ ಚೆಂಡು ಎತ್ತ ಹೋಯಿತೆಂಬುದನ್ನು ಲೆಕ್ಕಿಸದೆ, ಸಾಲಿನ ತುದಿಯಲ್ಲಿ ಮಂಡಿ ಬಗ್ಗಿಸಿ ನಿಂತ ಒಬ್ಬ ಹುಡುಗನ ಪಾದಗಳನ್ನು ನೋಡುತ್ತಿರುತ್ತಾರೆ. ಹತ್ತಾರು ವರ್ಷಗಳಿಂದ ಈ ಪಂದ್ಯಗಳನ್ನು ನೋಡುತ್ತ, ಟಿಪ್ಪಣಿ ಮಾಡಿಕೊಳ್ಳುತ್ತ ಬಂದ ನನಗೆ ಮನದಟ್ಟಾದ ಸಂಗತಿಯೆಂದರೆ, ‘ಈ ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ’ ಎಂದು ಕೇಳುವುದಕ್ಕೆ ಮೊದಲು ‘ಇವನು ಆಡಬೇಕಾದ ಸ್ಥಾನ ಯಾವುದು’ ಎಂದು ಕೇಳಿಕೊಳ್ಳಬೇಕು. ಈ ಆಟದಲ್ಲಿ 300 ಪೌಂಡಿನವನೂ 175 ಪೌಂಡಿನವನೂ ಒಂದೇ ತಂಡದಲ್ಲಿ ಆಡುತ್ತಾರೆ. ಹೈಸ್ಕೂಲಿನಲ್ಲಿ ಹುಡುಗನಿಗೆ ಸಿಕ್ಕ ಸ್ಥಾನವು ಆ ಶಾಲೆಯ ಅಗತ್ಯಕ್ಕೆ ತಕ್ಕಂತೆ ಸಿಕ್ಕದ್ದೇ ಹೊರತು ಅವನ ಮೈಕಟ್ಟಿಗೆ ತಕ್ಕಂತೆ ಸಿಕ್ಕದ್ದಾಗಿರಲೇಬೇಕೆಂದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಈಗ ಈ ಆಟಕ್ಕೆ ಇಳಿಯುತ್ತಿದ್ದಾರೆ. ತಮ್ಮ ಮಗನ ಆಟವನ್ನು ಹೇಗೆ ನೋಡಬೇಕೆಂದು ತಿಳಿಯದೆ ತೊಳಲಾಡುವ ತಂದೆತಾಯಿಗಳಿಗೂ, ತಮ್ಮ ಕಾಲೇಜಿನ ತಂಡಕ್ಕೆ ಪ್ರತಿ ವರ್ಷ ಬರುವ ಹೊಸಬರನ್ನು ಅಳೆಯಬಯಸುವ ಅಭಿಮಾನಿಗಳಿಗೂ ಉಪಯೋಗವಾಗಲೆಂದು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ನಕ್ಷತ್ರಗಳನ್ನು ಬದಿಗಿಟ್ಟು ಆರಂಭಿಸಿ

247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಮೊದಲಾದ ಸಂಸ್ಥೆಗಳು ಹುಡುಗರಿಗೆ ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ಕೊಡುತ್ತವೆ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ 32 ಆಯ್ಕೆಗಳಿರುವುದರಿಂದ, ಪ್ರತಿ ವರ್ಷ ಸುಮಾರು 32 ಹುಡುಗರಿಗೆ ಐದು ನಕ್ಷತ್ರ ಕೊಡುವುದು 247ಸ್ಪೋರ್ಟ್ಸ್‌ನ ಪದ್ಧತಿ. ಈ ದರ್ಜೆಗಳು ಸುಳ್ಳಲ್ಲ. ಐದು ನಕ್ಷತ್ರದವರು ಡ್ರಾಫ್ಟ್ ಆಗುವ ಪ್ರಮಾಣ ಮೂರು ನಕ್ಷತ್ರದವರಿಗಿಂತ ಬಹಳ ಹೆಚ್ಚು. ಆದರೆ ದರ್ಜೆಯನ್ನು ಮೊದಲೇ ನೋಡಿಬಿಟ್ಟರೆ ಕಣ್ಣು ಅದನ್ನು ಸಮರ್ಥಿಸುವುದನ್ನೇ ಹುಡುಕತೊಡಗುತ್ತದೆ. ಆದ್ದರಿಂದ ನಿಮ್ಮ ಟಿಪ್ಪಣಿ ಮುಗಿದ ಮೇಲೆ ಮಾತ್ರ ದರ್ಜೆಯನ್ನು ತೆರೆದು ನೋಡಿ.

ಜೋಶ್ ಅಲೆನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ಕೃಷಿಕ ಮನೆತನದ ಹುಡುಗ. ಹೈಸ್ಕೂಲ್ ಮುಗಿಸಿದಾಗ ಮೇಲ್ದರ್ಜೆಯ ಒಂದು ಕಾಲೇಜೂ ಅವನಿಗೆ ಸ್ಕಾಲರ್‌ಶಿಪ್ ಕೊಡಲು ಮುಂದೆ ಬರಲಿಲ್ಲ. ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿಗೆ ಸೇರಿ, ಅಲ್ಲಿಂದ ವಯೋಮಿಂಗ್‌ಗೆ ಹೋದ ಅವನು 2018ರ ಡ್ರಾಫ್ಟಿನಲ್ಲಿ 7ನೆಯವನಾಗಿ ಆಯ್ಕೆಯಾಗಿ, 2024ರ ಋತುವಿನಲ್ಲಿ ಎನ್‌ಎಫ್‌ಎಲ್‌ನ ಅತ್ಯಂತ ಮೌಲ್ಯಯುತ ಆಟಗಾರನೆನಿಸಿದ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಮಾತು ನಿಜವೇ ಆದರೂ, ಈ ಆಟದಲ್ಲಿ ಮೊಳಕೆಯನ್ನು ಗುರುತಿಸಬೇಕಾದ ಜಾಗ ಬೇರೆ.

ಹೆಜ್ಜೆ 2: ಮೈಕಟ್ಟನ್ನು ಓದಿ, ತೂಕವನ್ನಲ್ಲ

ತಂಡದ ಪಟ್ಟಿಯಲ್ಲಿ ಬರೆದ ಎತ್ತರದಲ್ಲಿ ಒಂದೆರಡು ಇಂಚು ಹೆಚ್ಚಿರುವುದು ಮಾಮೂಲು. ಬರಿಗಾಲಲ್ಲಿ ನಿಲ್ಲಿಸಿ ಯಾರಾದರೂ ಅಳತೆ ತೆಗೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಕಾಲೇಜುಗಳು ಬೇಸಿಗೆಯಲ್ಲಿ ನಡೆಸುವ ಶಿಬಿರಗಳಲ್ಲಿ ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಳತೆಗಳನ್ನು ತೆಗೆಯುತ್ತಾರೆ.

ತೂಕ ಬದಲಾಗುತ್ತದೆ. ಕಾಲೇಜಿನ ಊಟ ಮತ್ತು ವ್ಯಾಯಾಮದಲ್ಲಿ 17ರ ಹುಡುಗ ಎರಡು ವರ್ಷಕ್ಕೆ 40 ಪೌಂಡ್ ಏರುವುದು ಹೊಸದೇನಲ್ಲ. ಆದರೆ ತೋಳಿನ ಉದ್ದ, ಭುಜದ ಅಗಲ, ಮಣಿಕಟ್ಟಿನ ದಪ್ಪ, ಪಾದದ ಗಾತ್ರ ಇವನ್ನು ವ್ಯಾಯಾಮದಿಂದ ಬೆಳೆಸಲಾಗುವುದಿಲ್ಲ. ಅಗಲ ಭುಜ, ತೆಳು ಸೊಂಟ, ಉದ್ದ ತೋಳಿನ 225 ಪೌಂಡಿನ ಹುಡುಗನ ಮೇಲೆ ಇನ್ನೂ 70 ಪೌಂಡ್ ಹೊರಿಸಬಹುದು. ಆಗಲೇ 290 ಪೌಂಡ್ ಇದ್ದು ಹೊಟ್ಟೆ ಮುಂದೆ ಬಂದವನ ಮೇಲೆ ಹೊರಿಸಲು ಜಾಗವಿರುವುದಿಲ್ಲ. ಮೊದಲನೆಯವನನ್ನು ಕಂಡಾಗ ಅವನ ಅಣ್ಣ, ತಂದೆ, ಸೋದರಮಾವಂದಿರು ಗ್ಯಾಲರಿಯಲ್ಲಿ ಎಲ್ಲಿ ಕುಳಿತಿದ್ದಾರೆಂದು ನೋಡಿ, ಅವರ ಮೈಕಟ್ಟನ್ನೂ ಗಮನಿಸಿ.

ಹುಟ್ಟಿದ ತಿಂಗಳನ್ನೂ ಕೇಳಿ. ಒಂದೇ ತರಗತಿಯಲ್ಲಿ ಓದುವ ಇಬ್ಬರ ನಡುವೆ ಒಂದು ವರ್ಷಕ್ಕೂ ಹೆಚ್ಚಿನ ವಯಸ್ಸಿನ ಅಂತರ ಇರಬಹುದು. ಹದಿನೈದಕ್ಕೇ ದಟ್ಟ ಗಡ್ಡ ಬಂದು ಎಲ್ಲರನ್ನೂ ಕೆಡವುತ್ತಿರುವವನ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಒಮ್ಮೆ ಇಂಥ ಒಬ್ಬ ರನ್ನಿಂಗ್ ಬ್ಯಾಕ್‌ನನ್ನು (ಚೆಂಡು ಹಿಡಿದು ಓಡುವವನನ್ನು) ನಾನು ಬಹಳ ಮೇಲೆ ಇಟ್ಟಿದ್ದೆ. ಎರಡು ವರ್ಷದ ಹೊತ್ತಿಗೆ ಉಳಿದ ಹುಡುಗರು ಅವನ ಎತ್ತರ, ತೂಕಗಳನ್ನು ತಲುಪಿದರು. ಅವನ ಬಳಿ ಬಲವನ್ನು ಬಿಟ್ಟು ಬೇರೆ ಆಯುಧವಿರಲಿಲ್ಲ. ಅಂದಿನಿಂದ ಹುಟ್ಟಿದ ದಿನಾಂಕವಿಲ್ಲದೆ ಟಿಪ್ಪಣಿ ಬರೆಯುವುದನ್ನು ಬಿಟ್ಟಿದ್ದೇನೆ.

ಹೆಜ್ಜೆ 3: ಪೂರ್ತಿ ಪಂದ್ಯವನ್ನು ಮೂರು ಸಲ ನೋಡಿ

2006ರಲ್ಲಿ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಆರಂಭವಾದ ಹಡಲ್ ಎಂಬ ಸೇವೆಯ ಮೂಲಕ ಈಗ ಬಹುತೇಕ ಶಾಲೆಗಳು ಪಂದ್ಯದ ವಿಡಿಯೊ ಹಂಚಿಕೊಳ್ಳುತ್ತವೆ. ಅಲ್ಲಿ ಸಿಗುವ ಹೈಲೈಟ್ ತುಣುಕುಗಳು ಹುಡುಗನೇ ಆರಿಸಿದವು. ಅವುಗಳಿಂದ ಅವನ ಆಟದ ಮೇಲ್ಮಟ್ಟ ತಿಳಿಯುತ್ತದೆ, ನಿತ್ಯದ ಮಟ್ಟ ತಿಳಿಯುವುದಿಲ್ಲ. ಶಾಲೆಯ ಕೋಚ್ ಬಳಿ ವಿನಯದಿಂದ ಕೇಳಿಕೊಂಡು, ತಂಡ ಸೋತ ಪಂದ್ಯವೊಂದನ್ನೂ ಸೇರಿಸಿ ಕನಿಷ್ಠ ಎರಡು ಪೂರ್ತಿ ಪಂದ್ಯಗಳನ್ನು ಪಡೆಯಿರಿ.

ಮೊದಲ ಸಲ ಚೆಂಡನ್ನು ಹಿಂಬಾಲಿಸಿ, ಪಂದ್ಯದ ಗತಿ ಅರಿಯಿರಿ. ಎರಡನೆಯ ಸಲ ನಿಮ್ಮ ಹುಡುಗನನ್ನು ಮಾತ್ರ, ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುವ ಕ್ಷಣಕ್ಕೆ) ಮೂರು ಸೆಕೆಂಡ್ ಮೊದಲಿನಿಂದ ಸೀಟಿ ಊದುವವರೆಗೆ ನೋಡಿ. ಮೂರನೆಯ ಸಲ ಚೆಂಡು ಅವನಿಂದ ದೂರ ಹೋದ ಆಟಗಳನ್ನಷ್ಟೇ ಆರಿಸಿ ನೋಡಿ; ಹುಡುಗನ ಸ್ವಭಾವ ತಿಳಿಯುವುದು ಇಲ್ಲಿಯೇ. ಎದುರು ಬದಿಯಲ್ಲಿ ಎದುರಾಳಿ ಚೆಂಡು ಹಿಡಿದು ಓಡುತ್ತಿರುವಾಗ ಈ ಬದಿಯಲ್ಲಿ ರಿಸೀವರ್‌ನನ್ನು (ಎಸೆದ ಚೆಂಡು ಹಿಡಿಯುವವನನ್ನು) ಕಾಯುವ ಕಾರ್ನರ್‌ಬ್ಯಾಕ್ ಅಡ್ಡಲಾಗಿ ಓಡಿ ಹೋಗುತ್ತಾನೋ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾನೋ? ತಂಡ 28 ಅಂಕ ಹಿಂದಿರುವಾಗ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವನ ಮೊದಲ ಹೆಜ್ಜೆ ಮೊದಲ ಕ್ವಾರ್ಟರ್‌ನ ಹೆಜ್ಜೆಯಷ್ಟೇ ಚುರುಕಾಗಿದೆಯೋ?

ಎದುರಾಳಿ ಯಾರು ಎಂಬುದನ್ನೂ ಬರೆದುಕೊಳ್ಳಿ. ಟೆಕ್ಸಾಸಿನಲ್ಲಿ ಶಾಲೆಗಳನ್ನು ವಿದ್ಯಾರ್ಥಿ ಸಂಖ್ಯೆಯ ಪ್ರಕಾರ 1ಎಯಿಂದ 6ಎವರೆಗೆ ವಿಂಗಡಿಸುತ್ತಾರೆ. 2ಎ ಶಾಲೆಯ ಹುಡುಗನ ಎದುರು ನಿಂತ ಲೈನ್‌ಮನ್ (ಮುಂಸಾಲಿನ ಆಟಗಾರ) 180 ಪೌಂಡಿನವನಿದ್ದರೆ ಅವನನ್ನು ಬೀಳಿಸಿದ್ದಕ್ಕೆ ಹೆಚ್ಚು ಬೆಲೆಯಿಲ್ಲ. ಹಾಗೆಂದು ಸಣ್ಣ ಊರಿನ ಹುಡುಗನನ್ನು ತಳ್ಳಿಹಾಕಬೇಕಿಲ್ಲ. ಅಲ್ಲಿ ಅವನು ಎದ್ದು ಕಾಣುವುದಷ್ಟೇ ಸಾಲದು, ಮೈದಾನವನ್ನೇ ಆಳುತ್ತಿರಬೇಕು.

ಹೆಜ್ಜೆ 4: ಗಡಿಯಾರವನ್ನು ನಂಬುವ ಮೊದಲು ಗಡಿಯಾರ ಹಿಡಿದವರನ್ನು ಕೇಳಿ

40 ಗಜದ ಓಟವನ್ನು 4.4 ಸೆಕೆಂಡಿನಲ್ಲಿ ಮುಗಿಸಿದೆನೆಂದು ಹೇಳುವ ಹುಡುಗರಿಗೆ ಕೊರತೆಯಿಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವರ ಬೆರಳು ಆರಂಭದಲ್ಲಿ ತಡವಾಗುವುದರಿಂದ ಕೈ ಅಳತೆಯ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ. 100 ಮೀಟರ್ ಓಟದಲ್ಲಿ ಇಂಥ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಕೂಡಿಸುವ ಪದ್ಧತಿಯೇ ಇದೆ. ಆದ್ದರಿಂದ ವಸಂತ ಋತುವಿನ ಶಾಲಾ ಕ್ರೀಡಾಕೂಟಗಳ ದಾಖಲೆಯನ್ನು ಹುಡುಕಿ. ಸ್ವಯಂಚಾಲಿತ ಗಡಿಯಾರದಲ್ಲಿ, ಬೆನ್ನ ಹಿಂದಿನ ಗಾಳಿ ಮಿತಿಯೊಳಗಿದ್ದಾಗ 10.6 ಸೆಕೆಂಡಿನಲ್ಲಿ 100 ಮೀಟರ್ ಓಡಿದ ಹುಡುಗನ ವೇಗವನ್ನು ಯಾರೂ ಅಲ್ಲಗಳೆಯಲಾರರು.

ಬೇರೆ ಆಟಗಳೂ ಸಾಕ್ಷಿ ಹೇಳುತ್ತವೆ. ಗುಂಡು, ಚಕ್ರ ಎಸೆಯುವ ದೊಡ್ಡ ಮೈಯ ಹುಡುಗನಲ್ಲಿ ಸ್ಫೋಟಕ ಬಲವಿರುತ್ತದೆ. ಟ್ರಿಪಲ್ ಜಂಪ್ ಮಾಡುವವನಲ್ಲಿ ಹಿಮ್ಮಡಿಯ ಪುಟಿತವಿರುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ರೀಬೌಂಡ್ ಹಿಡಿಯುವವನು, ಸಾಲಿನ ತುದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಒಳ್ಳೆಯ ಟೈಟ್ ಎಂಡ್ ಆಗಬಲ್ಲ. ಲೈನ್‌ಮನ್‌ಗಳ ಮಟ್ಟಿಗೆ ಕುಸ್ತಿಯನ್ನು ಮೀರಿದ ಸಾಕ್ಷಿಯಿಲ್ಲ. ಗರಡಿಮನೆಯ ಮಣ್ಣು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎದುರಾಳಿಗಿಂತ ತಗ್ಗಿದವನು, ಸೊಂಟವನ್ನು ಒಳಗೆ ತಂದವನು, ಮೊದಲು ಹಿಡಿತ ಸಾಧಿಸಿದವನು ಅಲ್ಲಿ ಗೆಲ್ಲುವಂತೆ ಇಲ್ಲಿಯೂ ಗೆಲ್ಲುತ್ತಾನೆ.

ಹೆಜ್ಜೆ 5: ಸ್ಥಾನಕ್ಕೆ ತಕ್ಕ ಕಣ್ಣು

ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನಿಂದ ಆರಂಭಿಸೋಣ. ತೋಳಿನ ಬಲವನ್ನು ಅಳೆಯಲು 60 ಗಜದ ಎಸೆತವನ್ನು ಹುಡುಕಬೇಡಿ. 12 ಗಜ ಮುಂದೆ ಓಡಿ ಅಂಚುಗೆರೆಯತ್ತ ತಿರುಗುವ ರಿಸೀವರ್‌ಗೆ ಎಸೆಯುವ ಔಟ್ ಎಸೆತವನ್ನು ಹುಡುಕಿ. ಬಹುತೇಕ ರಾಜ್ಯಗಳ ಹೈಸ್ಕೂಲ್ ಮೈದಾನದಲ್ಲಿ, ಆಟ ಆರಂಭಿಸಲು ಚೆಂಡನ್ನು ಇಡುವ ಮಿತಿಯನ್ನು ತೋರಿಸುವ ಹ್ಯಾಶ್ ಗುರುತುಗಳು 160 ಅಡಿ ಅಗಲವನ್ನು ಮೂರು ಸಮಪಾಲು ಮಾಡುತ್ತವೆ. ಚೆಂಡು ಎಡ ಹ್ಯಾಶ್ ಮೇಲಿದ್ದು, ಎಸೆಯುವವನು ಏಳು ಗಜ ಹಿಂದೆ ನಿಂತು, ಬಲ ಅಂಚುಗೆರೆಯ ಬಳಿ ತಿರುಗುವ ರಿಸೀವರ್‌ಗೆ ಎಸೆಯಬೇಕೆಂದರೆ ಅಡ್ಡಲಾಗಿಯೇ 100 ಅಡಿಯ ಹತ್ತಿರ ಸಾಗಬೇಕು. ಲೆಕ್ಕದ ಪುಸ್ತಕದಲ್ಲಿ 12 ಗಜವೆಂದು ದಾಖಲಾಗುವ ಈ ಚೆಂಡು ಗಾಳಿಯಲ್ಲಿ ಸುಮಾರು 38 ಗಜ ಹಾರಿರುತ್ತದೆ. ಅದು ಕಮಾನಿನಂತೆ ಮೇಲೇರಿ ಇಳಿದರೆ ಕಾಲೇಜಿನ ಕಾರ್ನರ್‌ಬ್ಯಾಕ್ ನಡುವೆ ನುಗ್ಗಿ ಹಿಡಿದು ಎದುರು ತುದಿಗೆ ಓಡುತ್ತಾನೆ. ಆ ಎಸೆತವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಚೆಂಡು ಕೈಬಿಟ್ಟಾಗ ರಿಸೀವರ್ ಇನ್ನೂ ತಿರುಗಿರಬಾರದು. ತಿರುಗಿದ್ದನ್ನು ಕಂಡು ಎಸೆಯುವವನು ಹೈಸ್ಕೂಲಿಗೆ ಸಾಕು; ತಿರುಗುವನೆಂದು ಅರಿತು ಎಸೆಯುವವನು ಕಾಲೇಜಿಗೆ ಬೇಕು.

ಇದಾದ ಮೇಲೆ ಮೂರನೆಯ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) ಎಂಟಕ್ಕಿಂತ ಹೆಚ್ಚು ಗಜ ಬೇಕಾದ ಸಂದರ್ಭಗಳನ್ನೆಲ್ಲ ಒಟ್ಟುಮಾಡಿ. ಮೊದಲು ನೋಡಿದ ರಿಸೀವರ್ ಮುಚ್ಚಿಹೋದಾಗ ಅವನ ಪಾದಗಳು ಎರಡನೆಯವನತ್ತ ತಿರುಗುತ್ತವೆಯೋ, ಅಥವಾ ಕಣ್ಣು ತಗ್ಗಿಸಿ ಓಡತೊಡಗುತ್ತಾನೋ ಗಮನಿಸಿ. ಅಂಕಿಅಂಶಗಳನ್ನು ತಂಡದ ಪದ್ಧತಿಯ ಜೊತೆಗಿಟ್ಟು ಓದಿ. ಕ್ಯಾಮ್ ವಾರ್ಡ್ ಓದಿದ ಟೆಕ್ಸಾಸಿನ ವೆಸ್ಟ್ ಕೊಲಂಬಿಯಾದ ಶಾಲೆಯಲ್ಲಿ ವಿಂಗ್-ಟಿ ಎಂಬ, ಓಟವೇ ಮುಖ್ಯವಾದ ಹಳೆಯ ಪದ್ಧತಿಯಿತ್ತು. ಅವನು ಚೆಂಡು ಎಸೆದದ್ದೇ ಕಡಿಮೆಯಾದ್ದರಿಂದ ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳಲಿಲ್ಲ. ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್ ಅವನನ್ನು ಸೇರಿಸಿಕೊಂಡಿತು. ವಾಷಿಂಗ್ಟನ್ ಸ್ಟೇಟ್, ಮಯಾಮಿಗಳನ್ನು ದಾಟಿ 2025ರ ಡ್ರಾಫ್ಟಿನಲ್ಲಿ ಅವನೇ ಮೊದಲ ಆಯ್ಕೆಯಾದ.

ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಸಾಲಾದ ಆಫೆನ್ಸಿವ್ ಲೈನ್ ನನ್ನ ಪ್ರಕಾರ ಅತಿ ಕಷ್ಟದ ಅಳತೆ. ಆದ್ದರಿಂದ ಹೆಚ್ಚು ಹೊತ್ತು ಕೊಡಬೇಕಾದದ್ದೂ ಇಲ್ಲಿಗೇ. ಆ ಸಾಲಿನ ಎಡತುದಿಯಲ್ಲಿ ನಿಲ್ಲುವ ಎಡ ಟ್ಯಾಕಲ್ ಒಬ್ಬನನ್ನು ಹತ್ತಿರದಿಂದ ನೋಡಿ. ಸ್ನ್ಯಾಪ್ ಆದೊಡನೆ ಅವನು ಬಲಗಾಲಿನಿಂದ ನೆಲವನ್ನು ಒತ್ತಿ ಎಡಗಾಲನ್ನು ಹಿಂದಕ್ಕೆ ಜಾರಿಸುತ್ತಾನೆ. ಹೀಗೆ ಜಾರುವಾಗ ಹಿಮ್ಮಡಿಗಳು ಒಂದಕ್ಕೊಂದು ತಾಗಬಾರದು, ತಲೆ ಮೇಲೆ ಕೆಳಗೆ ಕುಣಿಯಬಾರದು, ಬಾಗುವುದು ಮಂಡಿ ಮತ್ತು ಕಣಕಾಲಿನಲ್ಲಿ ಆಗಬೇಕೇ ಹೊರತು ಸೊಂಟದಲ್ಲಿ ಅಲ್ಲ. ಸೊಂಟದಿಂದ ಮುಂದಕ್ಕೆ ಬಾಗುವವನನ್ನು, ಎದುರು ಸಾಲಿನ ತುದಿಯಿಂದ ನುಗ್ಗುವ ಕಾಲೇಜಿನ ಡಿಫೆನ್ಸಿವ್ ಎಂಡ್ ಒಂದೇ ಎಳೆತಕ್ಕೆ ಮುಗ್ಗರಿಸುವಂತೆ ಮಾಡುತ್ತಾನೆ. ಕೈಗಳು ಹೊರಗಿನಿಂದ ಅಪ್ಪಿಕೊಳ್ಳದೆ ಒಳಗಿನಿಂದ ಎದೆಗೆ ಗುದ್ದಬೇಕು. ಎದುರಾಳಿ ಹೊರಗೆ ಹೋಗುವಂತೆ ನಟಿಸಿ ಒಳಗೆ ನುಗ್ಗಿದಾಗ, ಹೊರಗೆ ವಾಲಿದ್ದ ಭಾರವನ್ನು ಒಂದೇ ಹೆಜ್ಜೆಯಲ್ಲಿ ಒಳಗೆ ತರಬಲ್ಲನೇ ಎಂಬುದು ಕೊನೆಯ ಪರೀಕ್ಷೆ. ಇದನ್ನು ಪಂದ್ಯಕ್ಕೆ ನಾಲ್ಕೈದು ಸಲವಾದರೂ ಸರಿಯಾಗಿ ಮಾಡಿದ, 6 ಅಡಿ 4 ಇಂಚಿಗಿಂತ ಎತ್ತರದ, 33 ಇಂಚು ದಾಟಿದ ತೋಳಿನ ಹುಡುಗ ಟ್ಯಾಕಲ್ ಆಗಿಯೇ ಉಳಿಯಬಹುದು. ಪಾದ ಚುರುಕಾಗಿದ್ದು ತೋಳು ಗಿಡ್ಡವಾದರೆ ಟ್ಯಾಕಲ್‌ನ ಒಳಪಕ್ಕದಲ್ಲಿ ನಿಲ್ಲುವ ಗಾರ್ಡ್. ಅದರ ಜೊತೆಗೆ ಎದುರಾಳಿಗಳ ನಿಲುವನ್ನು ಓದಿ ಪಕ್ಕದವರಿಗೆ ಕೂಗಿ ಹೇಳುವ ಬುದ್ಧಿಯಿದ್ದರೆ ಸಾಲಿನ ನಡುವೆ ನಿಂತು ಚೆಂಡು ಕೊಡುವ ಸೆಂಟರ್.

ಡಿಫೆನ್ಸಿವ್ ಲೈನ್‌ನಲ್ಲಿ ಮೊದಲ ಹೆಜ್ಜೆಯೇ ಮುಖ್ಯ: ಚೆಂಡು ಅಲುಗಿದಾಗ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಅಲುಗಿದವನು ಯಾರು? ಎತ್ತರ ಕಡಿಮೆಯೆಂದು ತಳ್ಳಿಹಾಕುವ ಮೊದಲು ಆ್ಯರನ್ ಡೊನಾಲ್ಡ್‌ನನ್ನು ನೆನೆಯಿರಿ. 6 ಅಡಿ 1 ಇಂಚಿನ ಅವನು ಮೂರು ನಕ್ಷತ್ರದ ಹುಡುಗನಾಗಿ ತನ್ನೂರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನೇ ಸೇರಿ, ಮುಂದೆ ಎನ್‌ಎಫ್‌ಎಲ್‌ನ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ಮೂರು ಸಲ ಪಡೆದ. ಹೊರಗಿನಿಂದ ಸುತ್ತಿ ಬರುವ ಎಂಡ್‌ಗಳಲ್ಲಿ ಮಾತ್ರ ಕಣಕಾಲು ಬಾಗುವಿಕೆಯನ್ನು ನೋಡಿ. ತಿರುವಿನಲ್ಲಿ ವಾಲಿದ ಬೈಕಿನಂತೆ ಮೈ ವಾಲಿಸಿಯೂ ವೇಗ ಕಳೆದುಕೊಳ್ಳದವನು ಅಪರೂಪ.

ಕಾರ್ನರ್‌ಬ್ಯಾಕ್‌ನಲ್ಲಿ ಸೊಂಟ ತಿರುಗುವ ಬಗೆಯನ್ನು ನೋಡಬೇಕು. ಹಿಮ್ಮುಖವಾಗಿ ಓಡುತ್ತಿದ್ದವನು ರಿಸೀವರ್ ಪಕ್ಕಕ್ಕೆ ಬಂದಾಗ ಒಂದೇ ಚಲನೆಯಲ್ಲಿ ತಿರುಗಬೇಕು. ನಡುವೆ ನೇರ ಎದ್ದು ನಿಂತರೆ ಅಲ್ಲಿಯೇ ಎರಡು ಗಜ ಹೋಯಿತು. ವೈಡ್ ರಿಸೀವರ್ ಚೆಂಡನ್ನು ಎದೆಗೆ ಆನಿಸಿಕೊಳ್ಳದೆ ಅಂಗೈಯಲ್ಲಿ ಹಿಡಿಯುತ್ತಾನೋ, ಎದುರಾಳಿ ಮುಖಕ್ಕೆ ಮುಖ ಕೊಟ್ಟು ನಿಂತಾಗ ಹೇಗೆ ಬಿಡಿಸಿಕೊಳ್ಳುತ್ತಾನೆ ಎಂಬುದನ್ನು ನೋಡಿ. ರನ್ನಿಂಗ್ ಬ್ಯಾಕ್‌ನ ಉದ್ದನೆಯ ಓಟಗಳಿಗಿಂತ, ದಾರಿಯೇ ಇಲ್ಲದ ಕಡೆ ಅವನು ಗಳಿಸಿದ ಮೂರು ಗಜಗಳಲ್ಲಿ ಹೆಚ್ಚು ತಿಳಿಯುತ್ತದೆ. ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಮತ್ತು ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿಗಳಲ್ಲಿ ಮೊದಲ ಹೆಜ್ಜೆ ಸರಿಯಾದ ದಿಕ್ಕಿಗೆ ಬಿತ್ತೋ, ಓಡುವವನನ್ನು ಅಡ್ಡಗಟ್ಟಲು ಆರಿಸಿದ ಕೋನ ಸರಿಯಿತ್ತೋ ಎಂಬೆರಡನ್ನು ಎಣಿಸಿದರೆ ಸಾಕು. ಕಿಕ್ಕರ್‌ಗಳಿಗೆ ಸಂಬಂಧಿಸಿ ಒಂದು ವಿವರ: ಹೈಸ್ಕೂಲಿನಲ್ಲಿ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಅಂಕ ಗಳಿಸುವುದು) ಒದೆಯುವಾಗ ಚೆಂಡನ್ನು 2 ಇಂಚಿನವರೆಗಿನ ಸಣ್ಣ ದಿಮ್ಮಿಯ ಮೇಲೆ ಇಡಲು ಅವಕಾಶವಿದೆ, ಕಾಲೇಜಿನಲ್ಲಿ ಇಲ್ಲ. ಆದ್ದರಿಂದ ನೆಲದ ಮೇಲಿಟ್ಟು ಒದ್ದ ವಿಡಿಯೊವನ್ನೇ ಕೇಳಿ.

ಹೆಜ್ಜೆ 6: ಸ್ಥಾನ ಬದಲಾದರೆ ಏನಾಗಬಹುದು?

ಟಿಪ್ಪಣಿಯಲ್ಲಿ ‘ಈಗಿನ ಸ್ಥಾನ’, ‘ಮೂರು ವರ್ಷದ ನಂತರದ ಸ್ಥಾನ’ ಎಂದು ಎರಡು ಸಾಲು ಬಿಟ್ಟಿರಿ. ಟೆಕ್ಸಾಸಿನ ಗ್ರೋವ್‌ಟನ್‌ನ ಲೇನ್ ಜಾನ್ಸನ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್. ಕಿಲ್ಗೋರ್ ಕಾಲೇಜಿಗೂ ಅದೇ ಆಗಿ ಹೋದವನು ಓಕ್ಲಹೋಮದಲ್ಲಿ ಟೈಟ್ ಎಂಡ್, ಡಿಫೆನ್ಸಿವ್ ಎಂಡ್ ಆಗಿ, ಕೊನೆಗೆ ಟ್ಯಾಕಲ್ ಆದ. 2013ರ ಡ್ರಾಫ್ಟಿನಲ್ಲಿ 4ನೆಯ ಆಯ್ಕೆ. ಚೆಂಡು ಎಸೆಯಲು ಹಿಂದೆ ಸರಿಯುತ್ತಿದ್ದ ಅವವೇ ಹಗುರ ಪಾದಗಳು ನೂರು ಪೌಂಡಿನ ಹತ್ತಿರ ತೂಕ ಏರಿದ ಮೇಲೂ ಕೆಲಸಕ್ಕೆ ಬಂದವು. ಜೆ.ಜೆ. ವಾಟ್ ಸೆಂಟ್ರಲ್ ಮಿಷಿಗನ್‌ನಲ್ಲಿ ಟೈಟ್ ಎಂಡ್ ಆಗಿದ್ದವನು, ಸ್ಕಾಲರ್‌ಶಿಪ್ ಬಿಟ್ಟು ವಿಸ್ಕಾನ್ಸಿನ್‌ಗೆ ಬಂದು ಡಿಫೆನ್ಸಿವ್ ಎಂಡ್ ಆದ. ಸ್ಟ್ಯಾನ್‌ಫರ್ಡ್‌ನಲ್ಲಿ ರಿಸೀವರ್ ಆಗಿದ್ದ ರಿಚರ್ಡ್ ಶೆರ್ಮನ್ ಕಾರ್ನರ್‌ಬ್ಯಾಕ್ ಆಗಿ ಹೆಸರು ಮಾಡಿದ. ಬದಲಾವಣೆಗಳು ಹೆಚ್ಚಾಗಿ ಚೆಂಡಿನತ್ತ ಹೊರಗಿನಿಂದ ಒಳಗೆ ಸರಿಯುತ್ತವೆ: ಸೇಫ್ಟಿ ಲೈನ್‌ಬ್ಯಾಕರ್ ಆಗುತ್ತಾನೆ, ಲೈನ್‌ಬ್ಯಾಕರ್ ಎಂಡ್ ಆಗುತ್ತಾನೆ, ಟೈಟ್ ಎಂಡ್ ಟ್ಯಾಕಲ್ ಆಗುತ್ತಾನೆ. ಗಾರ್ಡ್ ಆಗಿದ್ದವನು ಲೈನ್‌ಬ್ಯಾಕರ್ ಆದದ್ದನ್ನು ನಾನಂತೂ ಕಂಡಿಲ್ಲ.

ಸ್ಥಾನ ಬದಲಿಸಲು ಹುಡುಗನಿಗೆ ಮನಸ್ಸಿದೆಯೇ ಎಂಬುದನ್ನು ಕೋಚ್ ಮುಖಾಂತರ ತಿಳಿದುಕೊಳ್ಳಿ. ಬಾಲ್ಯದಿಂದ ಕ್ವಾರ್ಟರ್‌ಬ್ಯಾಕ್ ಎಂದು ಕರೆಸಿಕೊಂಡವನಿಗೆ ಸಾಲಿನಲ್ಲಿ ಮಂಡಿಯೂರಿ ನಿಲ್ಲುವುದು ಸುಲಭದ ಮಾತಲ್ಲ.

ಹೆಜ್ಜೆ 7: ಅಂಕಪಟ್ಟಿ ಮತ್ತು ಗಾಯಗಳು

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಮೂರು ಡಿವಿಜನ್‌ಗಳ ಪೈಕಿ ಮೇಲಿನದಾದ ಡಿವಿಜನ್ 1ರಲ್ಲಿ ಆಡಲು ಅದರ ನಿಯಮದಂತೆ 16 ಮೂಲ ವಿಷಯಗಳನ್ನು ಮುಗಿಸಿರಬೇಕು, ಅವುಗಳಲ್ಲಿ 10 ಕೊನೆಯ ವರ್ಷಕ್ಕೆ ಮೊದಲೇ ಮುಗಿದಿರಬೇಕು, ಸರಾಸರಿ 4ಕ್ಕೆ ಕನಿಷ್ಠ 2.3 ಇರಬೇಕು. ಅಂಕಪಟ್ಟಿ ಕೇಳದೆ ಯಾವ ಹುಡುಗನ ಮೌಲ್ಯಮಾಪನವೂ ಪೂರ್ತಿಯಾಗದು. ಐವಿ ಲೀಗ್ (ಹಾರ್ವರ್ಡ್, ಯೇಲ್ ಮೊದಲಾದವು) ಮತ್ತು ಡಿವಿಜನ್ 3ರ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲವೆಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಅಲ್ಲಿ ಸಿಗುವ ನೆರವು ಬೇರೆ ಆಧಾರದ ಮೇಲೆ. ಮಂಡಿಯ ಶಸ್ತ್ರಚಿಕಿತ್ಸೆ, ತಲೆಗೆ ಬಿದ್ದ ಪೆಟ್ಟುಗಳ ವಿವರವನ್ನು ಮನೆಯವರು ಮರೆಮಾಚಬಾರದು. ತಲೆಯ ಪೆಟ್ಟು ಮರುಕಳಿಸಿದ ಹುಡುಗನ ವಿಷಯದಲ್ಲಿ ಆಟದ ಮಾತಿಗಿಂತ ವೈದ್ಯರ ಮಾತೇ ಮುಂದಿರಬೇಕು, ಇದರಲ್ಲಿ ರಾಜಿ ಕೂಡದು.

ಹೆಜ್ಜೆ 8: ಕಾಲೇಜಿನ ಅಗತ್ಯದ ಜೊತೆ ಇಟ್ಟು ನೋಡಿ

ಒಬ್ಬನೇ ಹುಡುಗ ಒಂದು ಕಾಲೇಜಿಗೆ ಚಿನ್ನ, ಇನ್ನೊಂದಕ್ಕೆ ಹೊರೆ. 2025ರ ಋತುವಿನಿಂದ 85 ಸ್ಕಾಲರ್‌ಶಿಪ್‌ಗಳ ಹಳೆಯ ಮಿತಿ ಹೋಗಿ, ಆಟಗಾರರಿಗೆ ಹಣ ಕೊಡುವ ಕುರಿತ ಹೊಸ ನ್ಯಾಯಾಲಯ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 105 ಆಟಗಾರರ ತಂಡದ ಮಿತಿ ಬಂದಿದೆ. 2018ರಲ್ಲಿ, ಕಾಲೇಜು ಬದಲಿಸಬಯಸುವವರು ಹೆಸರು ನಮೂದಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆರಂಭವಾದ ಮೇಲೆ, ಬೇರೆಡೆ ಪಳಗಿದ 21ರ ಆಟಗಾರನನ್ನು ಕರೆತರುವುದು ಸುಲಭವಾಗಿ, ಮೂರು ವರ್ಷ ಕಾದು ಬೆಳೆಸಬೇಕಾದ ಹುಡುಗರಿಗೆ ದೊಡ್ಡ ಕಾಲೇಜುಗಳಲ್ಲಿ ಜಾಗ ಕಿರಿದಾಗುತ್ತಿದೆ. ಇದು ನನಗೆ ನೋವಿನ ಸಂಗತಿ, ಏಕೆಂದರೆ ತಡವಾಗಿ ಬೆಳೆಯುವ ಲೈನ್‌ಮನ್‌ಗಳೇ ಇದರಿಂದ ಹೆಚ್ಚು ಕಳೆದುಕೊಳ್ಳುವವರು. ಆದ್ದರಿಂದ ವರದಿಯಲ್ಲಿ ಹುಡುಗ ಯಾವ ವರ್ಷಕ್ಕೆ ಆಡಲು ಸಿದ್ಧನಾಗುತ್ತಾನೆಂದು ಸ್ಪಷ್ಟವಾಗಿ ಬರೆಯಿರಿ. ಒಂದು ಋತುವಿನಲ್ಲಿ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷವನ್ನು ಆಡುವ ಅರ್ಹತೆಯ ವರ್ಷಗಳ ಲೆಕ್ಕದಿಂದ ಉಳಿಸಿಕೊಳ್ಳಬಹುದೆಂಬ ರೆಡ್‌ಶರ್ಟ್ ನಿಯಮ 2018ರಿಂದ ಇದೆ; ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವರದಿ ಒಂದು ಪುಟ ಮೀರದಿರಲಿ. ಅಳತೆ, ಹುಟ್ಟಿದ ತಿಂಗಳು, ನೋಡಿದ ಪಂದ್ಯಗಳು, ಈಗಿನ ಸ್ಥಾನ, ಮುಂದಿನ ಸ್ಥಾನ, ಏನೂ ಬೆಳೆಯದಿದ್ದರೆ ಎಲ್ಲಿ ನಿಲ್ಲುತ್ತಾನೆ, ಎಲ್ಲವೂ ಕೂಡಿಬಂದರೆ ಎಲ್ಲಿಗೆ ತಲುಪುತ್ತಾನೆ ಎಂಬಿಷ್ಟನ್ನು ಬರೆದು, ನಿಮ್ಮ ತೀರ್ಮಾನಕ್ಕೆ ಕಾರಣವಾದ ಎರಡು ಆಟಗಳನ್ನು ಕ್ವಾರ್ಟರ್ ಮತ್ತು ನಿಮಿಷದ ಸಮೇತ ನಮೂದಿಸಿ. ಅದರ ಕೆಳಗೆ ಮೂರು ವರ್ಷ ಮುಂದಿನ ಒಂದು ದಿನಾಂಕ ಹಾಕಿ. ಆ ದಿನ ಅದೇ ಎರಡು ಆಟಗಳನ್ನು ಮತ್ತೆ ತೆರೆದು, ಹುಡುಗ ಆಗ ಆಡುತ್ತಿರುವ ಸ್ಥಾನವನ್ನು ನೀವು ಬರೆದ ಸ್ಥಾನದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.